ಕರೆಂಟಿಲ್ಲದ ಹಿಮದೂರಿನಲ್ಲಿ ಒಂದು ಸೌದೆ ಒಲೆ

2022ರ ಡಿಸೆಂಬರ್ ತಿಂಗಳ ಕೊನೆಯ ವಾರ. ಕ್ರಿಸ್ಮಸ್ ರಜೆಯಾದುದರಿಂದ ನಾವು ಮನೆಯಲ್ಲಿಯೇ ಇದ್ದೆವು. ಅಂಗಳದಲ್ಲಿ ಹರಡಿದ ಅಡಕೆಯ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಗುಡ್ಡ ಇಳಿದು ಬಂದರು. ಚಾವಡಿಯಲ್ಲಿ ಕುಳಿತರು. ಮುಂದಿಟ್ಟ ಬೆಲ್ಲ ನೀರನ್ನು ಮುಟ್ಟಲಿಲ್ಲ.

"ಮಾಷ್ಟ್ರೇ, ಮಗಳು ಇರುವಲ್ಲಿ ಕರೆಂಟು ಹೋಗಿ ಎರಡು ದಿನ ಆಯಿತಂತೆ. ಹೊರಗೆ ಸೊನ್ನೆಗಿಂತಲೂ ಹತ್ತು ಡಿಗ್ರಿ ಕೆಳಗಂತೆ. ಮನೆಯೊಳಗೆ ಸೌದೆ ಉರಿಸಿಕೊಂಡು ಕೂತಿದ್ದಾರಂತೆ. ಕಾರಿನಲ್ಲಿ ಫೋನು ಚಾರ್ಜು ಮಾಡಿ ಎರಡೇ ಮಾತು ಹೇಳಿದಳು, ಇಟ್ಟಳು. ಮರದ ಮನೆಯಂತೆ ಮಾಷ್ಟ್ರೇ ಅದು. ಒಳಗೆ ಬೆಂಕಿ ಹಾಕಿದರೆ ಏನಾದರೂ ಆಗಲಿಕ್ಕಿಲ್ಲವಾ?"

ಆ ಹುಡುಗಿ ಹತ್ತನೆಯ ತರಗತಿಯವರೆಗೆ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಕಲಿತವಳು. ಬಳಿಕ ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಕೆಲವು ವರ್ಷ ಗಲ್ಫಿನಲ್ಲಿ ದುಡಿದು, ಅಲ್ಲಿಂದ ಕೆನಡಾಕ್ಕೆ ಹೋದಳು. ಒಂಟಾರಿಯೋ ಪ್ರಾಂತ್ಯದ ಪೂರ್ವದ ಅಂಚಿನ ಒಂದು ಹಳ್ಳಿಯಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಹಳೆಯ ಮನೆಯಲ್ಲಿ ಕೋಣೆ ಹಿಡಿದು ಇದ್ದಳು. ಆ ವರ್ಷ ಕ್ರಿಸ್ಮಸ್ಸಿನ ಹೊತ್ತಿಗೆ ಉತ್ತರ ಅಮೆರಿಕದಲ್ಲೆಲ್ಲ ದೊಡ್ಡ ಹಿಮಗಾಳಿ ಬೀಸಿ ಲಕ್ಷಾಂತರ ಮನೆಗಳಲ್ಲಿ ವಿದ್ಯುಚ್ಛಕ್ತಿ ಕಡಿದುಹೋದದ್ದನ್ನು ಓದುಗರು ಪತ್ರಿಕೆಗಳಲ್ಲಿ ಓದಿರಬಹುದು.

ಆ ತಾಯಿಗೆ ಅಂದು ನಾವು ಸಮಾಧಾನದ ಮಾತನ್ನೇನೋ ಹೇಳಿದೆವು. ಆದರೆ ಒಳಗೊಳಗೆ ನಮಗೂ ಅಳುಕಿತ್ತು. ಮರುವರ್ಷ ಮೇ ತಿಂಗಳಲ್ಲಿ ಹುಡುಗಿ ರಜೆಯಲ್ಲಿ ಬಂದಾಗ ಅದೇ ಚಾವಡಿಯಲ್ಲಿ ಕುಳಿತು ಆ ಮೂರು ದಿನಗಳ ಕಥೆಯನ್ನು ಬಿಡಿಸಿ ಹೇಳಿದಳು. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ಇಂದು ಇಂಥ ಚಳಿದೇಶಗಳಲ್ಲಿ ಇದ್ದಾರೆ. ಅವರ ತಂದೆತಾಯಿಯರಿಗೆ ತಿಳಿದಿರಲಿ ಎಂದೂ, ನಮ್ಮ ಮನೆಗಳಿಗೂ ಅದರಲ್ಲಿ ಒಂದು ಪಾಠ ಉಂಟು ಎಂದೂ ಇದನ್ನು ಬರೆಯುತ್ತಿದ್ದೇವೆ.

ಕರೆಂಟು ಹೋದರೆ ಕಾವೂ ಹೋಗುತ್ತದೆ

ನಮ್ಮಲ್ಲಿ ಕರೆಂಟು ಹೋದರೆ ದೀಪ ಹೋಯಿತು, ಫ್ಯಾನು ನಿಂತಿತು, ಪಂಪು ನಿಂತಿತು. ಸೆಕೆಯಾಗುತ್ತದೆ, ಸೊಳ್ಳೆ ಕಚ್ಚುತ್ತದೆ, ಅಷ್ಟೆ. ಅಲ್ಲಿ ಹಾಗಲ್ಲ. ಅಲ್ಲಿನ ಹೆಚ್ಚಿನ ಮನೆಗಳ ನೆಲಮಾಳಿಗೆಯಲ್ಲಿ ಗ್ಯಾಸು ಅಥವಾ ಎಣ್ಣೆಯಿಂದ ಉರಿಯುವ ಒಂದು ಕುಲುಮೆ ಇರುತ್ತದೆ. ಅದರ ಬಿಸಿಗಾಳಿಯನ್ನು ಕೋಣೆ ಕೋಣೆಗೆ ತಳ್ಳುವುದು ವಿದ್ಯುತ್ ಫ್ಯಾನು. ಹೊತ್ತಿಸುವುದೂ ಆರಿಸುವುದೂ ವಿದ್ಯುತ್ತಿನಿಂದಲೇ. ನೆರೆಯ ಕ್ವಿಬೆಕ್ ಪ್ರಾಂತ್ಯದಲ್ಲಿ ಜಲವಿದ್ಯುತ್ತು ಅಗ್ಗವಾದ್ದರಿಂದ ಹೆಚ್ಚಿನ ಮನೆಗಳು ನೇರವಾಗಿ ವಿದ್ಯುತ್ ಹೀಟರಿನಿಂದಲೇ ಬೆಚ್ಚಗಾಗುತ್ತವೆ. ಆದುದರಿಂದ ಟ್ಯಾಂಕಿನಲ್ಲಿ ಎಣ್ಣೆ ತುಂಬಿದ್ದರೂ, ಗ್ಯಾಸು ಬರುತ್ತಿದ್ದರೂ ತಂತಿ ಕಡಿದರೆ ಮನೆ ತಣ್ಣಗಾಗತೊಡಗುತ್ತದೆ.

ಮನೆ ಒಮ್ಮೆಗೇ ಹೆಪ್ಪುಗಟ್ಟುವುದಿಲ್ಲ. ಎರಡು ಪದರದ ಗೋಡೆಗಳ ನಡುವೆ ಗಾಜಿನ ಉಣ್ಣೆ ತುಂಬಿ, ಕಿಟಕಿಗಳಿಗೆ ಜೋಡಿ ಗಾಜು ಹಾಕಿ, ನಮ್ಮ ಥರ್ಮಾಸ್ ಫ್ಲಾಸ್ಕಿನ ಹಾಗೆ ಅದನ್ನು ಕಟ್ಟಿರುತ್ತಾರೆ. ಆದರೆ ಫ್ಲಾಸ್ಕಿನ ಚಹಾ ಕೂಡ ಕೊನೆಗೆ ಆರಲೇಬೇಕಲ್ಲ? ಆ ಹುಡುಗಿಯ ಮಹಡಿಯ ಕೋಣೆ ಮೊದಲ ರಾತ್ರಿ ಕಳೆಯುವಾಗ ಎಂಟು ಡಿಗ್ರಿಗೆ ಇಳಿದಿತ್ತಂತೆ. ನಮ್ಮಲ್ಲಿ ಇಪ್ಪತ್ತು ಡಿಗ್ರಿಯಾದರೆ ನಾವು ಶಾಲು ಹುಡುಕುತ್ತೇವೆ.

ಆಗ ಆ ಅಜ್ಜಿ ಕೆಳಗಿನ ಚಾವಡಿಯಲ್ಲಿದ್ದ ಬೀಡುಕಬ್ಬಿಣದ ಒಲೆಗೆ ಬೆಂಕಿ ಹಾಕಿದರು. ಅದಕ್ಕೆ ಕರೆಂಟು ಬೇಡ, ಫ್ಯಾನು ಬೇಡ, ಗುಂಡಿ ಒತ್ತುವುದೂ ಬೇಡ. ಮುಂದೆ ಗಾಜಿನ ಬಾಗಿಲು, ಅಡಿಯಲ್ಲಿ ಗಾಳಿ ಬಿಡಲು ಒಂದು ಕಿಂಡಿ, ಹಿಂದಿನಿಂದ ಮಾಡಿನ ಮೇಲಕ್ಕೆ ಹೋಗುವ ಹೊಗೆಗೊಳವೆ. "1998ರಲ್ಲಿ ಇಡೀ ಓಣಿಯನ್ನು ಕಾಪಾಡಿದ ಒಲೆ ಇದು" ಎಂದು ಅಜ್ಜಿ ಹೇಳಿದರಂತೆ.

1998ರ ಮಂಜುಗಡ್ಡೆ ಮಳೆ

1998 ಎಂದರೆ ಆ ಸೀಮೆಯವರು ಇಂದೂ ನಿಟ್ಟುಸಿರು ಬಿಡುತ್ತಾರೆ. ಆ ವರ್ಷದ ಜನವರಿ 5ರಿಂದ 10ರವರೆಗೆ ಒಂಟಾರಿಯೋದ ಪೂರ್ವಭಾಗ, ಕ್ವಿಬೆಕ್ ಪ್ರಾಂತ್ಯದ ದಕ್ಷಿಣ ಭಾಗ ಮತ್ತು ಅಮೆರಿಕದ ಗಡಿನಾಡುಗಳ ಮೇಲೆ ಮಳೆ ಸುರಿಯಿತು. ಕಾರ್ನ್‌ವಾಲ್ ಪೇಟೆಯಲ್ಲಿ 108 ಮಿ.ಮೀ., ರಾಜಧಾನಿ ಒಟ್ಟಾವದಲ್ಲಿ 85 ಮಿ.ಮೀ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಕಾಣುವ ಕಾಸರಗೋಡಿನವರಿಗೆ ಇದು ಆಟಿ ತಿಂಗಳ ಒಂದು ದಿನದ ಮಳೆ ಮಾತ್ರ. ಆದರೆ ಆ ಮಳೆಯ ಗುಣವೇ ಬೇರೆ.

ಆಕಾಶದಲ್ಲಿ ಮೇಲಿನ ಪದರದ ಗಾಳಿ ಬೆಚ್ಚಗಿದ್ದು, ನೆಲಕ್ಕೆ ಹತ್ತಿರದ ಗಾಳಿ ಸೊನ್ನೆಗಿಂತ ಕೆಳಗಿದ್ದರೆ, ಮೇಲೆ ನೀರಾದ ಹನಿ ಕೆಳಗಿನ ಚಳಿಯಲ್ಲಿ ತಣಿದರೂ ಗಟ್ಟಿಯಾಗಲು ಸಮಯ ಸಿಗದೆ ಹನಿಯಾಗಿಯೇ ಬೀಳುತ್ತದೆ. ಬಿದ್ದು ಮುಟ್ಟಿದ ಕ್ಷಣವೇ ಮಂಜುಗಡ್ಡೆಯಾಗುತ್ತದೆ. ಕೊಂಬೆಯ ಮೇಲೆ, ತಂತಿಯ ಮೇಲೆ, ಕಂಬದ ಮೇಲೆ ಪದರ ಪದರವಾಗಿ ಗಾಜಿನಂತೆ ಕಟ್ಟುತ್ತದೆ. ಆ ಭಾರಕ್ಕೆ ನೂರಾರು ಉಕ್ಕಿನ ಗೋಪುರಗಳೂ ಸುಮಾರು 30,000 ಮರದ ಕಂಬಗಳೂ ಮಗುಚಿಬಿದ್ದವು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಕತ್ತಲೆಯಲ್ಲಿ ಉಳಿದರು. ಕೆಲವು ಕಡೆ ಕರೆಂಟು ಮರಳಿ ಬರಲು ಒಂದು ತಿಂಗಳೇ ಹಿಡಿಯಿತು. ಕೆನಡಾ ಸರಕಾರ 15,000ಕ್ಕೂ ಮೇಲ್ಪಟ್ಟು ಸೈನಿಕರನ್ನು ಇಳಿಸಿತು. ಬೂಶರ್ವಿಲ್ ಎಂಬ ಪೇಟೆಯಲ್ಲಿ ರೈಲಿನ ಎಂಜಿನನ್ನೇ ಹಳಿಯಿಂದ ಬೀದಿಗೆ ಓಡಿಸಿ ತಂದು, ಅದರಿಂದ ಪುರಸಭೆಯ ಕಟ್ಟಡಕ್ಕೆ ವಿದ್ಯುತ್ತು ಕೊಟ್ಟರು!

ಆ ದಿನಗಳಲ್ಲಿ ಜನ ಎರಡು ಬಗೆಯಾದರು ಎಂದು ಅಜ್ಜಿ ಹೇಳುತ್ತಿದ್ದರಂತೆ. ಸೌದೆ ಒಲೆ ಇದ್ದವರು ಮನೆಯಲ್ಲಿ ಉಳಿದರು. ಇಲ್ಲದವರು ಶಾಲೆಗಳಲ್ಲಿ, ಚರ್ಚುಗಳಲ್ಲಿ, ಒಲೆ ಇದ್ದ ನೆರೆಮನೆಗಳಲ್ಲಿ ಸೇರಿದರು. ಅಜ್ಜಿಯ ಮನೆಯಲ್ಲಿ ಹದಿಮೂರು ದಿನ ಹನ್ನೊಂದು ಜನ ಮಲಗಿದ್ದರಂತೆ. ತೊಂದರೆಯಾಗದ ಊರುಗಳವರು ಲಾರಿಗಳಲ್ಲಿ ಸೌದೆ ಹೇರಿ ಕಳುಹಿಸಿದರು.

ಓದುಗರಿಗೆ ಇನ್ನೊಂದು ವಿಷಯ ಹೇಳಬೇಕು. ಆ ಅಜ್ಜಿಯ ಮನೆಮಾತು ಫ್ರೆಂಚ್. ಇಂಗ್ಲಿಷ್ ಮಾತನಾಡುವವರೇ ಹೆಚ್ಚಿರುವ ಒಂಟಾರಿಯೋದಲ್ಲಿ ಅವರದು ಭಾಷಾ ಅಲ್ಪಸಂಖ್ಯಾತರ ಸೀಮೆ. 1912ರಲ್ಲಿ ಅಲ್ಲಿನ ಸರಕಾರ ಒಂದು ನಿಬಂಧನೆ ತಂದು ಶಾಲೆಗಳಲ್ಲಿ ಫ್ರೆಂಚ್ ಬೋಧನೆಯನ್ನು ಮೊಟಕು ಮಾಡಿದಾಗ, ಅದನ್ನು ಎದುರಿಸಲೆಂದೇ 1913ರಲ್ಲಿ ಒಟ್ಟಾವದಿಂದ 'ಲ ದ್ರುವಾ' ಎಂಬ ಫ್ರೆಂಚ್ ದೈನಿಕ ಹೊರಟಿತು. "ಮಾಷ್ಟ್ರೇ, ಅವರ ಮನೆಯಲ್ಲೂ ನಮ್ಮ ಹಾಗೆಯೇ ಶಾಲೆಯ ಭಾಷೆಯ ಚರ್ಚೆ" ಎಂದು ಹುಡುಗಿ ನಕ್ಕಳು. ಇಬ್ಬರಿಗೂ ಹೊಂದಿಕೆಯಾಗಲು ಅದೂ ಒಂದು ಕಾರಣವಿದ್ದೀತು. ಈಗ ಒಲೆಯ ಬಳಿಗೆ ಮರಳೋಣ.

ಎರಡು ವರ್ಷ ಮುಂಚೆ ಕಡಿದ ಸೌದೆ

ಕರೆಂಟು ಹೋದ ದಿನ ಮಾಡಬಹುದಾದದ್ದು ಕಡಿಮೆ, ಮಾಡಿಟ್ಟದ್ದೇ ಹೆಚ್ಚು. ಅಜ್ಜಿಯ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಆ ವರ್ಷಕ್ಕೆ ಬೇಕಾದ ಸೌದೆಯಷ್ಟೇ ಅಲ್ಲ, ಮುಂದಿನ ವರ್ಷದ್ದೂ ಇತ್ತು. ಅಲ್ಲಿ ಸೌದೆಯನ್ನು 'ಕಾರ್ಡ್' ಎಂಬ ಅಳತೆಯಲ್ಲಿ ಕೊಳ್ಳುತ್ತಾರೆ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಅಟ್ಟಿ, ಎಂದರೆ 128 ಘನ ಅಡಿ. ಮೇಪಲ್ ಮರದ ಗಟ್ಟಿ ಸೌದೆಯನ್ನು ಸೀಳಿ, ಅಡಿಗೆ ಅಡ್ಡಮರ ಕೊಟ್ಟು ನೆಲದಿಂದ ಎತ್ತರಿಸಿ, ಮೇಲೆ ಮಾತ್ರ ಮಾಡು, ಬದಿಗಳೆಲ್ಲ ಗಾಳಿಗೆ ತೆರೆದಿರುವಂತೆ ಪೇರಿಸಿದ್ದರು.

ಈ ಒಣಗುವಿಕೆಯ ಲೆಕ್ಕ ದೊಡ್ಡದು. ಆಗಷ್ಟೇ ಕಡಿದ ಹಸಿಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಅದನ್ನು ಒಲೆಗಿಟ್ಟರೆ ಬೆಂಕಿಯ ಶ್ರಮದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉರಿಯೂ ಸರಿಯಾಗಿ ಏಳುವುದಿಲ್ಲ. ಮನೆಗೆ ಕಾವು ಕಡಿಮೆ ಸಿಗುತ್ತದೆ, ಹೊಗೆ ಹೆಚ್ಚು ಸಿಗುತ್ತದೆ. ಸೀಳಿ ಒಂದೆರಡು ಬೇಸಗೆ ಕಂಡ ಸೌದೆಯಲ್ಲಿ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ ಇಳಿಯುತ್ತದೆ. ಗುರುತು ಹಿಡಿಯುವುದು ಹೇಗೆ? ತುಂಡಿನ ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ 'ಟಣ್' ಎನ್ನಬೇಕು, 'ದಬ್' ಎನ್ನಬಾರದು. ಇದನ್ನು ನಮ್ಮ ಹುಡುಗಿ ಅಜ್ಜಿಗೇ ಬಡಿದು ತೋರಿಸಿದಳಂತೆ. "ಇದೆಲ್ಲ ನಿನಗೆ ಹೇಗೆ ಗೊತ್ತು?" ಎಂದು ಅವರಿಗೆ ಆಶ್ಚರ್ಯ. "ಅಮ್ಮನ ಬಚ್ಚಲೊಲೆಗೆ ಸೌದೆ ಆರಿಸಿ ತಂದುಕೊಡುವವಳು ನಾನೇ" ಎಂದಳಂತೆ.

ಮೇಷ್ಟ್ರ ಅಭ್ಯಾಸ, ನಾವು ಕೂತು ಲೆಕ್ಕ ಹಾಕಿದೆವು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿನಷ್ಟು ಶಾಖ ಅಡಗಿದೆ. ಮುಚ್ಚಿದ ಬಾಗಿಲಿನ ಒಳ್ಳೆಯ ಒಲೆ ಅದರಲ್ಲಿ ಶೇಕಡಾ 70ರಷ್ಟನ್ನು ಕೋಣೆಗೆ ಕೊಡುತ್ತದೆ. ಎಂದರೆ ಕಿಲೋ ಒಂದಕ್ಕೆ 2.8 ಯೂನಿಟ್. ಗಂಟೆಗೆ ಒಂದು ಯೂನಿಟ್ ಎಳೆಯುವ ಮೂರು ಹೀಟರುಗಳು ಹಗಲುರಾತ್ರಿ ಉರಿದರೆ 72 ಯೂನಿಟ್. ಅದನ್ನು ಸೌದೆಯಿಂದ ಪಡೆಯಲು ದಿನಕ್ಕೆ ಸುಮಾರು 26 ಕಿಲೋ ಸಾಕು, ನಮ್ಮ ಹಿಂದಿನವರು ಗುಡ್ಡದಿಂದ ತರುತ್ತಿದ್ದ ಒಂದು ತಲೆಹೊರೆ. ಆದರೆ ಗೋಡೆಯಲ್ಲಿ ತೆರೆದ ಬಾಯಿಯಿರುವ ಅಲಂಕಾರದ ಅಗ್ಗಿಷ್ಟಿಕೆಯಾದರೆ ಶೇಕಡಾ ಹತ್ತರಷ್ಟೂ ಸಿಗುವುದು ಕಷ್ಟ. ಅದು ಕೋಣೆಯ ಬಿಸಿಗಾಳಿಯನ್ನೇ ಎಳೆದು ಮಾಡಿನ ಮೇಲಕ್ಕೆ ಕಳುಹಿಸುತ್ತದೆ. ಸಿನಿಮಾದಲ್ಲಿ ನೋಡಲು ಚಂದ, ಚಳಿಯಲ್ಲಿ ನಂಬಲು ಆಗದು.

ಒಂದೇ ಕೋಣೆಯ ಸಂಸಾರ

ಬೆಂಕಿ ಹತ್ತಿದ ಮೇಲೆ ಅಜ್ಜಿ ಮಾಡಿದ ಮೊದಲ ಕೆಲಸ, ಮನೆಯನ್ನು ಚಿಕ್ಕದು ಮಾಡಿದ್ದು. ಮಹಡಿಯನ್ನೂ ಹಿಂದಿನ ಕೋಣೆಗಳನ್ನೂ ಬಿಟ್ಟುಕೊಟ್ಟರು. ಒಲೆಯಿದ್ದ ಚಾವಡಿಯೊಂದನ್ನೇ ಇಟ್ಟುಕೊಂಡರು. ಬಾಗಿಲಿಲ್ಲದ ದಾರಂದಗಳಿಗೆ ಕಂಬಳಿ ತೂಗಿದರು. ಬಿಸಿಗಾಳಿ ಮೇಲಕ್ಕೆ ಏರುವುದರಿಂದ ಮೊದಲು ಮಹಡಿಯ ಮೆಟ್ಟಿಲಿನ ಬಾಯಿಗೆ ತಡೆ. ಬಾಗಿಲಿನ ಅಡಿಯ ಸಂದಿಗೆ ಸುರುಳಿ ಸುತ್ತಿದ ಬೈರಾಸು. ಹಗಲು ಬಿಸಿಲು ಬೀಳುವ ತೆಂಕಣ ಕಿಟಕಿಯ ಪರದೆ ಸರಿಸುವುದು, ಸಂಜೆಗೆ ಮೊದಲೇ ದಪ್ಪ ಪರದೆ ಎಳೆಯುವುದು. ಹಾಸಿಗೆಗಳೆಲ್ಲ ಒಲೆಯ ಸುತ್ತ ಬಂದವು. ಆದರೆ ಒಂದು ಮೀಟರಿಗಿಂತ ಹತ್ತಿರಕ್ಕೆ ಬಟ್ಟೆ, ಕಾಗದ, ಹಾಸಿಗೆ ಯಾವುದನ್ನೂ ಬಿಡಲಿಲ್ಲ. ಅದು ಅವರ ಮನೆಯ ಕಟ್ಟಳೆ.

ರಾತ್ರಿಗೆ ಪಾಳಿ ಹಾಕಿದರು. ಮಲಗುವ ಮುಂಚೆ ಕೆಂಡವನ್ನು ಬಾಗಿಲ ಕಡೆಗೆ ಎಳೆದು, ಹಿಂದೆ ದಪ್ಪ ತುಂಡುಗಳನ್ನಿಟ್ಟು, ಅವು ಚೆನ್ನಾಗಿ ಹತ್ತಿಕೊಂಡ ಮೇಲೆಯೇ ಗಾಳಿಯ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡುವುದು. ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದರೆ ಸೌದೆ ಉರಿಯದೆ ಹೊಗೆಯಾಡುತ್ತದೆ. ಆ ಹೊಗೆ ಮೇಲೆ ತಣ್ಣನೆಯ ಕೊಳವೆಗೆ ತಗಲಿ ಟಾರಿನಂಥ ಅಂಟಾಗಿ ಕೂರುತ್ತದೆ. ಕ್ರಿಯೋಸೋಟ್ ಎಂದು ಅದರ ಹೆಸರು. ನಮ್ಮ ಅಡಿಗೆಮನೆಯ ಮಾಡಿನ ಇಲ್ಲಣದ ಬಂಧು ಎನ್ನಬಹುದು. ಒಂದು ದಿನ ಕಿಡಿ ತಾಗಿದರೆ ಅದೇ ಕೊಳವೆಯೊಳಗೆ ಹೊತ್ತಿ ಉರಿದು ಮನೆಗೇ ಬೆಂಕಿ ಹಿಡಿಸಬಲ್ಲದು. ಅದಕ್ಕಾಗಿಯೇ ಪ್ರತಿವರ್ಷ ಚಳಿ ಹಿಡಿಯುವ ಮುಂಚೆ ಹೊಗೆಗೊಳವೆಯನ್ನು ಗುಡಿಸಿಸುತ್ತಾರೆ. ತಾಯಿ ನಮ್ಮನ್ನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿಯೇ ಉಂಟು. ಗುಡಿಸಿದ ಕೊಳವೆ, ಒಣಗಿದ ಸೌದೆ, ಒಲೆಯಿಂದ ದೂರವಿಟ್ಟ ಹಾಸಿಗೆ, ಈ ಮೂರೂ ಇದ್ದರೆ ಮರದ ಮನೆಯೊಳಗೂ ಬೆಂಕಿ ಮನುಷ್ಯನ ಮಾತು ಕೇಳುತ್ತದೆ.

ಬೂದಿಯನ್ನು ಕಬ್ಬಿಣದ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಮನೆಯಿಂದ ದೂರ ಹೊರಗಿಡುವುದು ಇನ್ನೊಂದು ಕಟ್ಟಳೆ. ಬೂದಿಯೊಳಗೆ ಕೆಂಡ ಎರಡು ಮೂರು ದಿನವಾದರೂ ಜೀವ ಹಿಡಿದಿರುತ್ತದೆ ಎಂಬುದು ನಮ್ಮ ಹೆಂಗಸರಿಗೂ ಗೊತ್ತು. ಹಿಂದೆ ನೆರೆಮನೆಯಿಂದ ಗೆರಟೆಯಲ್ಲಿ ಕೆಂಡ ತರುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ.

ನೀರಿನ ಚಿಂತೆ ಬೇರೆ. ಬಾವಿಯ ಪಂಪು ಕರೆಂಟಿನದು. ಒಲೆಯ ಮೇಲೆ ಪಾತ್ರೆಯಿಟ್ಟು ಹಿಮ ಕರಗಿಸಿದರು. ಆಗ ಬಿದ್ದ ಹಗುರ ಹಿಮವಾದರೆ ಹತ್ತು ಕೊಡ ಕರಗಿಸಿದಾಗ ಸುಮಾರು ಒಂದು ಕೊಡ ನೀರು. ಅದು ಪಾತ್ರೆ ತೊಳೆಯಲು, ಪಾಯಿಖಾನೆಗೆ. ಕುಡಿಯುವ ನೀರನ್ನು ಗಾಳಿಯ ಮುನ್ಸೂಚನೆ ಬಂದಾಗಲೇ ತುಂಬಿಸಿಟ್ಟಿದ್ದರು. ಮನೆಯ ಕೊಳವೆಗಳನ್ನೂ ನೋಡಿಕೊಳ್ಳಬೇಕು. ನೀರು ಮಂಜುಗಡ್ಡೆಯಾಗುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಆದ್ದರಿಂದ ಬಿಟ್ಟುಕೊಟ್ಟ ಕೋಣೆಗಳ ಕೊಳವೆಯ ನೀರನ್ನು ಮೊದಲ ದಿನವೇ ಬಸಿದು ಖಾಲಿ ಮಾಡಿದ್ದರು.

ನೆರೆಮನೆಯವರು ಬಂದದ್ದು

ಪಕ್ಕದ ಮನೆಯವರದು ಹೊಸ ಕಾಲದ ಒಲೆ. ಮರದ ಹುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಅದು ತಾನಾಗಿಯೇ ಸ್ವಲ್ಪ ಸ್ವಲ್ಪ ಉರಿಗೆ ಹಾಕಿಕೊಳ್ಳುತ್ತದೆ. ಹೊಗೆ ಕಡಿಮೆ, ಬೂದಿ ಕಡಿಮೆ, ಕೈಗೆ ಮಸಿ ಇಲ್ಲ. ಆದರೆ ಗುಳಿಗೆಯನ್ನು ತಳ್ಳುವ ತಿರುಪೂ ಗಾಳಿ ಬೀಸುವ ಫ್ಯಾನೂ ಕರೆಂಟಿನವು. ಹತ್ತು ಚೀಲ ಗುಳಿಗೆ ಮೂಲೆಯಲ್ಲಿದ್ದಂತೆಯೇ ಒಲೆ ತಣ್ಣಗಾಯಿತು. ಸೌದೆಯಿಂದ ನೀರು ಕಾಯಿಸಿ ಕೊಳವೆಗಳಲ್ಲಿ ಮನೆಯಿಡೀ ಹರಿಸುವ ಬಾಯ್ಲರುಗಳದೂ ಇದೇ ಪಾಡು. ಅಲ್ಲಿ ಅಪಾಯ ಇನ್ನೂ ಒಂದು ಮೆಟ್ಟಿಲು ಹೆಚ್ಚು. ಪಂಪು ನಿಂತ ಮೇಲೂ ಸೌದೆ ತುಂಬುತ್ತಾ ಹೋದರೆ ನೀರು ಅಲ್ಲಿಯೇ ಕುದಿದು ಒತ್ತಡ ಏರುತ್ತದೆ. ಸೌದೆಯ ಒಲೆ ಎಂದ ಮಾತ್ರಕ್ಕೆ ಕರೆಂಟಿಲ್ಲದಾಗ ಕೈಹಿಡಿಯುತ್ತದೆ ಎನ್ನುವಂತಿಲ್ಲ. ಕೊಳ್ಳುವ ಮುಂಚೆ ಅದೊಂದು ಪ್ರಶ್ನೆ ಕೇಳಿಯೇ ಕೊಳ್ಳಬೇಕು.

ಮೊದಲ ದಿನ ಸಂಜೆ ಅಜ್ಜಿ ನಮ್ಮ ಹುಡುಗಿಯನ್ನು ಕರೆದುಕೊಂಡು ಆ ಮನೆಗೆ ಹೋದರು. ಅಲ್ಲಿ ಗಂಡ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಗಂಡ ಹಿತ್ತಲಿನಲ್ಲಿ ಮಾಂಸ ಸುಡುವ ಇದ್ದಲಿನ ಒಲೆಯನ್ನು ಎತ್ತಿಕೊಂಡು ನೆಲಮಾಳಿಗೆಯ ಮೆಟ್ಟಿಲಲ್ಲಿ ಅರ್ಧ ಇಳಿದಿದ್ದ. "ಹೊಗೆ ಇಲ್ಲ, ಬರೇ ಕೆಂಡ" ಎಂದನಂತೆ. ಎಂದೂ ಸ್ವರ ಎತ್ತದ ಅಜ್ಜಿ ಅಂದು ಗದರಿಸಿದರು. ಒಲೆಯನ್ನು ಅಂಗಳದ ಹಿಮಕ್ಕೆ ಮಗುಚಿಸಿದರು. ಮಕ್ಕಳ ಹಾಸಿಗೆ ಸಮೇತ ನಾಲ್ವರನ್ನೂ ತಮ್ಮ ಚಾವಡಿಗೆ ಕರೆತಂದರು.

ಅಜ್ಜಿ ಗದರಿಸಲು ಕಾರಣವಿತ್ತು. 1998ರಲ್ಲಿ ಕೆನಡಾದಲ್ಲಿ ಸತ್ತ ಇಪ್ಪತ್ತೈದಕ್ಕೂ ಮೇಲ್ಪಟ್ಟ ಜನರಲ್ಲಿ ಚಳಿಯಿಂದ ಸತ್ತವರು ಕೆಲವರಾದರೆ, ಚಳಿ ಕಾಯಿಸಲು ಹೋಗಿ ಸತ್ತವರೂ ಕೆಲವರಿದ್ದರು.

ಕಾಣದ ಕೊಲೆಗಾರ

ಇದ್ದಲು, ಸೌದೆ, ಪೆಟ್ರೋಲು, ಗ್ಯಾಸು ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ನಮ್ಮ ರಕ್ತದ ಕೆಂಪುಕಣಗಳು ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತವೆ. ಉಸಿರಾಡುತ್ತಲೇ ಇದ್ದರೂ ಉಸಿರು ದೇಹಕ್ಕೆ ಸಲ್ಲುವುದಿಲ್ಲ. ಮೊದಲು ತಲೆನೋವು, ಬಳಿಕ ತಲೆ ತಿರುಗುವುದು, ಓಕರಿಕೆ, ನಿದ್ದೆಯ ಜೊಂಪು. ನಿದ್ದೆ ಬಂತೆಂದು ಮಲಗಿದವರು ಏಳುವುದಿಲ್ಲ. ಉರಿ ಆರಿ ಕೆಂಡ ಮಾತ್ರ ಉಳಿದಾಗ ಹೊಗೆ ಕಾಣದಿರುವುದರಿಂದಲೇ ಅಪಾಯ ಹೆಚ್ಚು.

ಗುರುತಿಗೆ ಒಂದು ಸೂತ್ರ ನೆನಪಿಡಬಹುದು. ಮನೆಯ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಅಂಗಳಕ್ಕೆ ಇಳಿದ ಕೂಡಲೇ ಕಡಿಮೆಯಾದರೆ ಅದು ಶೀತವಲ್ಲ, ಈ ಅನಿಲ. ಕೂಡಲೇ ಎಲ್ಲರೂ ಹೊರಬಂದು ಆಸ್ಪತ್ರೆಗೆ ಹೋಗಬೇಕು. ಒಂಟಾರಿಯೋದಲ್ಲಿ ಸೌದೆಯ ಒಲೆ, ಗ್ಯಾಸಿನ ಕುಲುಮೆಗಳಿರುವ ಮನೆಗಳಲ್ಲಿ ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಸಣ್ಣ ಪೆಟ್ಟಿಗೆಯನ್ನು ಮಲಗುವ ಕೋಣೆಗಳ ಬಳಿ ಇಡುವುದು 2014ರಿಂದ ಕಾನೂನಿನಂತೆ ಕಡ್ಡಾಯವಾಗಿದೆ. ಅಜ್ಜಿಯ ಮನೆಯಲ್ಲಿ ಅದು ಬ್ಯಾಟರಿಯಿಂದ ನಡೆಯುವಂಥದು. ಕರೆಂಟು ಹೋದಾಗಲೇ ಅದರ ಅಗತ್ಯ ಹೆಚ್ಚು ತಾನೆ?

ನಮ್ಮ ಬಾಣಂತಿ ಕೋಣೆಗಳು

ಇಷ್ಟು ಓದಿದವರು, ನಮ್ಮಲ್ಲಿ ಹಿಮವೂ ಇಲ್ಲ, ನಮಗೇಕೆ ಈ ಉಪದೇಶ ಎನ್ನಬಹುದು. ನಿಧಾನಿಸಬೇಕು. ಡಿಸೆಂಬರ್ ಜನವರಿಗಳಲ್ಲಿ ನೀಲಗಿರಿ, ಕೊಡೈಕನಾಲು ಮೊದಲಾದ ಕಡೆ ಪ್ರವಾಸ ಹೋದವರು ಕೋಣೆಯ ಬಾಗಿಲು ಮುಚ್ಚಿ ಇದ್ದಲ ಕೆಂಡವಿಟ್ಟು ಮಲಗಿ ಬೆಳಗ್ಗೆ ಏಳದೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಮನೆಗಳಿಗೂ ಇದು ದೂರವಲ್ಲ. ಆಟಿಯ ಜಡಿಮಳೆಯಲ್ಲಿ ಬಾಣಂತಿಗೂ ಕೂಸಿಗೂ ಚಳಿಯಾಗಬಾರದೆಂದು ಕಿಟಕಿ ಬಾಗಿಲು ಬಿಗಿದು, ಮಂಚದಡಿಯಲ್ಲಿ ಮಣ್ಣಿನ ಚಟ್ಟಿಗೆ ಕೆಂಡ ಹಾಕಿಡುವ ಕ್ರಮ ನಮ್ಮಲ್ಲಿ ಇತ್ತು, ಕೆಲವು ಮನೆಗಳಲ್ಲಿ ಇನ್ನೂ ಉಂಟು. ಹಿಂದಿನ ಮುಳಿಮಾಡಿನ ಮನೆಯಲ್ಲಿ, ಹಂಚಿನ ಮನೆಯಲ್ಲಿ ಗಾಳಿ ಹೇಗಾದರೂ ನುಸುಳುತ್ತಿತ್ತು. ಅಜ್ಜಿಯಂದಿರ ಕೆಂಡದ ಚಟ್ಟಿ ಆ ಕೋಣೆಗೆ ಸರಿಯಾಗಿತ್ತು. ಇಂದಿನ ತಾರಸಿ ಮನೆಯ ಗಾಜಿನ ಕಿಟಕಿ ಮುಚ್ಚಿದರೆ ಗಾಳಿಗೆ ದಾರಿಯೇ ಇಲ್ಲ. ಕ್ರಮ ಅದೇ ಉಳಿಯಿತು, ಕೋಣೆ ಬದಲಾಯಿತು. ಕೆಂಡದಲ್ಲಿ ಕೋಣೆ ಕಾಯಿಸಿ, ಚಟ್ಟಿಯನ್ನು ಹೊರಗಿಟ್ಟು, ಗಾಳಿಯಾಡಿಸಿ, ಆಮೇಲೆ ಮಲಗಬೇಕು. ಕೆಂಡದ ಜತೆ ನಿದ್ದೆ ಮಾಡಬಾರದು.

ಮಳೆಗಾಲದಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ ಬಾಡಿಗೆ ಜನರೇಟರನ್ನು ಮಳೆಗೆ ನೆನೆಯದಿರಲೆಂದು ಚಾವಡಿಗೇ ತಂದು ಓಡಿಸುವವರನ್ನೂ ಕಂಡಿದ್ದೇವೆ. ಅದರ ಹೊಗೆಯಲ್ಲೂ ಇದೇ ಅನಿಲ. ಅದನ್ನು ಮನೆಯಿಂದ ಆರು ಮೀಟರಾದರೂ ದೂರ, ಹೊಗೆಯ ಬಾಯಿ ಕಿಟಕಿಗೆ ಎದುರಾಗದಂತೆ ಇಡಬೇಕು.

ಸೌದೆಯನ್ನು ಹೊಗಳುವುದಕ್ಕಾಗಿ ಇದನ್ನು ಬರೆದದ್ದಲ್ಲ. ಹೊಗೆ ತುಂಬಿದ ಅಡಿಗೆಮನೆಯಲ್ಲಿ ಊದುಗೊಳವೆ ಹಿಡಿದು ಕಣ್ಣು, ಶ್ವಾಸಕೋಶ ಹಾಳುಮಾಡಿಕೊಂಡ ತಾಯಂದಿರನ್ನು ಕಂಡೇ ನಾವು ಬೆಳೆದವರು. ಗ್ಯಾಸು ಬಂದದ್ದು ಅವರ ಪಾಲಿಗೆ ದೊಡ್ಡ ಉಪಕಾರ. ನಾವು ಹೇಳುವುದು ಇಷ್ಟೇ. ಒಂದೇ ತಂತಿಯನ್ನು ನಂಬಿದ ಮನೆಗೆ ಆ ತಂತಿ ಕಡಿದಾಗ ಎರಡನೆಯ ದಾರಿ ಬೇಕು. ಆ ದಾರಿ ಕತ್ತಲಾದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಹಗಲಿನಲ್ಲೇ ಮಾಡಿಡಬೇಕು. ಸಿಕ್ಕಿದ್ದರಿಂದ ಬೆಂಕಿ ಹಾಕಲು ಹೋದವರು ಬೆಂಕಿಗೇ ತುತ್ತಾಗುತ್ತಾರೆ. ಪತ್ತನಾಜೆಗೆ ಮುಂಚೆ ಸೌದೆ ಕೊಟ್ಟಿಗೆ ತುಂಬಬೇಕು, ಮಡಲು ಗೆರಟೆ ಅಟ್ಟಕ್ಕೇರಬೇಕು ಎನ್ನುತ್ತಿದ್ದ ನಮ್ಮ ಹಿರಿಯರಿಗೂ ಎರಡು ವರ್ಷದ ಸೌದೆ ಪೇರಿಸಿಟ್ಟ ಆ ಫ್ರೆಂಚ್ ಅಜ್ಜಿಗೂ ತಿಳಿದಿದ್ದುದು ಒಂದೇ ವಿದ್ಯೆ.

ಮೂರನೆಯ ದಿನ ಮಧ್ಯಾಹ್ನ ಅಲ್ಲಿ ಕರೆಂಟು ಬಂದಿತಂತೆ. ನೆರೆಮನೆಯ ಮಕ್ಕಳು ಮಾತ್ರ ಇನ್ನೊಂದು ರಾತ್ರಿ ಒಲೆಯ ಬಳಿಯೇ ಮಲಗುತ್ತೇವೆಂದು ಹಟ ಹಿಡಿದವಂತೆ.

ಆ ಮೇ ತಿಂಗಳಲ್ಲಿ ಹುಡುಗಿ ಕಥೆ ಮುಗಿಸಿದಾಗ ತಾಯಿಯೂ ಪಕ್ಕದಲ್ಲಿ ಕುಳಿತಿದ್ದರು. ಬಿಸಿನೀರಿಗೆ ಗೀಸರು ಬಂದಿದೆ, ಇನ್ನು ಬಚ್ಚಲೊಲೆ ಯಾಕೆ, ಸೌದೆ ಕೊಟ್ಟಿಗೆ ಕೆಡವಿ ಸ್ಕೂಟರು ನಿಲ್ಲಿಸಲು ಜಾಗ ಮಾಡಬೇಕು ಎಂದು ಅವರು ಹಿಂದಿನ ವಾರವಷ್ಟೇ ಹೇಳಿದ್ದರು.

"ಹಾಗಾದರೆ ಸ್ಕೂಟರು ಎಲ್ಲಿ ಇಡುವುದು ಅಮ್ಮ?" ಎಂದು ಮಗಳು ಕೇಳಿದಳು.

"ಸ್ಕೂಟರಿಗೆ ಚಳಿ ಆಗುವುದಿಲ್ಲ, ಅಂಗಳದಲ್ಲಿ ಇರಲಿ" ಎಂದರು ತಾಯಿ. ಅಂದು ಬೆಲ್ಲ ನೀರನ್ನು ಪೂರ್ತಿ ಕುಡಿದೇ ಎದ್ದರು.